ಕೈಯಲ್ಲೊಂದು ಸೀಟು, ಕಣ್ಣು ಇನ್ನೊಂದರ ಮೇಲೆ: ಕಾನೂನು ಪದವಿ ಪ್ರವೇಶದ ಲೆಕ್ಕಾಚಾರ

ಕಾನೂನು ಓದಬೇಕೆಂದು ನಿರ್ಧರಿಸಿದ ವಿದ್ಯಾರ್ಥಿಗಳ ಮನೆಗಳಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಗೆ ಮುನ್ನವೇ ಒಂದು ಪ್ರಶ್ನೆ ಏಳುತ್ತದೆ. ಒಂದು ಕಡೆ ಸೀಟು ಸಿಕ್ಕಿದೆ, ಹಣ ಕಟ್ಟಲು ಗಡುವು ನಾಲ್ಕಾರು ದಿನ ಮಾತ್ರ. ಇನ್ನೆರಡು ಕಡೆಯ ಫಲಿತಾಂಶ ಬಂದಿಲ್ಲ. ಹಣ ಕಟ್ಟಿ ಸೀಟು ಉಳಿಸಿಕೊಳ್ಳುವುದೇ, ಕಾದು ನೋಡುವುದೇ?

ಈ ಗೊಂದಲಕ್ಕೆ ಕಾರಣ ಪ್ರವೇಶದ ಕ್ಯಾಲೆಂಡರ್. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕ್ಲಾಟ್ 2022ರಿಂದ ಡಿಸೆಂಬರ್ ತಿಂಗಳಲ್ಲೇ ನಡೆಯುತ್ತಿದೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲಾಟ್‌ನಿಂದ ಹೊರಗುಳಿದು ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಪಟ್ಟಿ ಹೊರಡಿಸುತ್ತದೆ. ಖಾಸಗಿ ವಿಶ್ವವಿದ್ಯಾಲಯಗಳದ್ದು ಮತ್ತೊಂದು ವೇಳಾಪಟ್ಟಿ. ಇತ್ತ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಬಾಗಿಲು ತೆರೆಯುವುದು ಪಿಯುಸಿ ಅಂಕಪಟ್ಟಿ ಕೈಗೆ ಬಂದ ಮೇಲೆ. ಇವರಲ್ಲಿ ಒಬ್ಬರು ಇನ್ನೊಬ್ಬರಿಗಾಗಿ ಕಾಯುವುದಿಲ್ಲ. ಕಾಯುವ ಕೆಲಸ ವಿದ್ಯಾರ್ಥಿಯದು.

ಮೂರೇ ಆಯ್ಕೆ

ಕ್ಲಾಟ್ ಕೌನ್ಸೆಲಿಂಗ್‌ನಲ್ಲಿ ಸೀಟು ಸಿಕ್ಕವರ ಮುಂದೆ ಫ್ರೀಜ್, ಫ್ಲೋಟ್, ಎಕ್ಸಿಟ್ ಎಂಬ ಮೂರು ಆಯ್ಕೆಗಳಿರುತ್ತವೆ. ಫ್ರೀಜ್ ಎಂದರೆ ಸಿಕ್ಕ ಸೀಟೇ ಅಂತಿಮ, ಮುಂದಿನ ಸುತ್ತುಗಳ ಗೊಡವೆಯಿಲ್ಲ. ಫ್ಲೋಟ್ ಎಂದರೆ ಸದ್ಯಕ್ಕೆ ಈ ಸೀಟು ಇರಲಿ, ತನ್ನ ಆದ್ಯತಾ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ತೆರವಾದರೆ ಅಲ್ಲಿಗೆ ಕಳುಹಿಸಿ ಎಂದು ಕೋರುವುದು. ಎಕ್ಸಿಟ್ ಎಂದರೆ ನಿರ್ಗಮನ. ಮೊದಲೆರಡಕ್ಕೂ ದೃಢೀಕರಣ ಶುಲ್ಕ ಕಟ್ಟಲೇಬೇಕು. ಗಡುವಿನೊಳಗೆ ಕಟ್ಟದಿದ್ದರೆ ಸೀಟೂ ಹೋಯಿತು, ಮುಂದಿನ ಸುತ್ತಿನ ಅವಕಾಶವೂ ಹೋಯಿತು.

ಕರ್ನಾಟಕದ ಪೋಷಕರು ಎಡವುವುದು ಇಲ್ಲಿಯೇ. ಕೆಇಎ ನಡೆಸುವ ಸಿಇಟಿ ಸೀಟು ಹಂಚಿಕೆಯ ನಾಲ್ಕು ಆಯ್ಕೆಗಳು ಅನೇಕರಿಗೆ ಬಾಯಿಪಾಠ. ಅಲ್ಲಿನ ಮೂರನೆಯ ಆಯ್ಕೆ ಆರಿಸಿದವರು ಸಿಕ್ಕ ಸೀಟನ್ನು ನಿರಾಕರಿಸಿಯೂ ಮುಂದಿನ ಸುತ್ತಿಗೆ ಅರ್ಹರಾಗಿ ಉಳಿಯಬಹುದು. ಕ್ಲಾಟ್‌ನಲ್ಲಿ ಅಂಥ ಅನುಕೂಲವಿಲ್ಲ. ಬೇಡ ಎಂದವರು ಹೊರಗೆ. ಕಾಯಬೇಕೆಂದರೆ ಸಿಕ್ಕಿದ್ದನ್ನು ಹಣ ಕೊಟ್ಟು ಹಿಡಿದುಕೊಂಡೇ ಕಾಯಬೇಕು. ಆದ್ದರಿಂದ ಹಣ ಕಟ್ಟಿದ ಮಾತ್ರಕ್ಕೆ ಅದೇ ಶಾಲೆಗೆ ಐದು ವರ್ಷ ಬರೆದುಕೊಟ್ಟಂತೆ ಎಂದು ಹೆದರಬೇಕಿಲ್ಲ. ಆ ಹಣ ಬಹುಪಾಲು ಕಾಲಾವಕಾಶದ ಬೆಲೆ.

ಆದರೆ ಫ್ಲೋಟ್ ಪುಕ್ಕಟೆ ಲಾಟರಿಯೂ ಅಲ್ಲ. ಮೇಲಿನ ಆದ್ಯತೆಯ ಸೀಟು ಸಿಕ್ಕ ಕ್ಷಣವೇ ಹಳೆಯದು ತಾನಾಗಿ ರದ್ದಾಗಿ ಮತ್ತೊಬ್ಬರ ಪಾಲಾಗುತ್ತದೆ. ವಿದ್ಯಾರ್ಥಿಯೊಬ್ಬಳು ರಾಯಪುರವನ್ನು ಏಳನೆಯದಾಗಿ, ಭೋಪಾಲವನ್ನು ಎಂಟನೆಯದಾಗಿ ಬರೆದಿದ್ದಾಳೆ ಎನ್ನಿ. ಮೊದಲ ಸುತ್ತಿನಲ್ಲಿ ಭೋಪಾಲ ಸಿಕ್ಕಿತು. ಮನೆಯವರು ವಿಚಾರಿಸಿ, ರೈಲಿನ ಅನುಕೂಲ ನೋಡಿ, ಅದೇ ಒಳ್ಳೆಯದೆಂದು ಮನಸ್ಸು ಮಾಡಿದರು. ಬೆಂಗಳೂರು ಸಿಕ್ಕರೂ ಸಿಗಲಿ ಎಂದು ಫ್ಲೋಟ್ ಒತ್ತಿದರು. ಎರಡನೆಯ ಪಟ್ಟಿಯಲ್ಲಿ ರಾಯಪುರ ಬಂತು. ಈಗ ಭೋಪಾಲವನ್ನು ಮರಳಿ ಕೇಳುವಂತಿಲ್ಲ. ನಿಜವಾದ ತೀರ್ಮಾನ ಆಗಿಹೋದದ್ದು ಆದ್ಯತಾ ಪಟ್ಟಿ ತುಂಬಿದ ದಿನ. ನೋಂದಣಿಯ ಕೊನೆಯ ರಾತ್ರಿ ಕೋಚಿಂಗ್ ಸೆಂಟರ್‌ನವರ ರ‍್ಯಾಂಕಿಂಗ್ ನಕಲು ಮಾಡಿದವರಿಗೆ ಇದು ಅರ್ಥವಾಗುವ ಹೊತ್ತಿಗೆ ತಿದ್ದುವ ಅವಧಿ ಮುಗಿದಿರುತ್ತದೆ.

ನಾಗರಬಾವಿಯ ಆಸೆ

ರಾಜ್ಯದ ವಿದ್ಯಾರ್ಥಿಗಳ ಲೆಕ್ಕ ಕೊಂಚ ಬೇರೆ. ಬೆಂಗಳೂರು ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕನ್ನಡ ನಾಡಿನ ವಿದ್ಯಾರ್ಥಿಗಳಿಗೆ ಶೇ. 25 ಸೀಟು ಮೀಸಲಿಡಲು ಶಾಸನಸಭೆ 2020ರಲ್ಲಿ ಕಾಯ್ದೆ ತಿದ್ದಿತು. ಅದೇ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಗೊಳಿಸಿತು. ಬಳಿಕ 2021ರಲ್ಲಿ ಶಾಲೆಯೇ ತನ್ನ ಯೋಜನೆಯಡಿ ಈ ಪಾಲನ್ನು ಜಾರಿಗೆ ತಂದಿತು. ಹಾಗಾಗಿ ರಾಜ್ಯದಲ್ಲಿ ಓದಿದ ವರ್ಷಗಳ ಪ್ರಮಾಣಪತ್ರವಿರುವವರು ಸಾಮಾನ್ಯ ಪಟ್ಟಿಯ ಕಟ್‌ಆಫ್ ನೋಡಿ ನಿರಾಶರಾಗದೆ, ತಮ್ಮ ವರ್ಗದ ಕಟ್‌ಆಫ್ ನೋಡಿಯೇ ಫ್ರೀಜ್ ಅಥವಾ ಫ್ಲೋಟ್ ನಿರ್ಧರಿಸುವುದು ಲೇಸು. ಬೇರೆ ರಾಜ್ಯಗಳ ಹಲವು ಕಾನೂನು ವಿಶ್ವವಿದ್ಯಾಲಯಗಳು ತಮ್ಮ ಮಕ್ಕಳಿಗೆ ಇಂಥದೇ ಪಾಲು ಇಟ್ಟಿವೆ. ಅಲ್ಲಿ ಕನ್ನಡಿಗ ಹೊರಗಿನವನು.

ಕಾಯುವುದು ಎಷ್ಟು ದೀರ್ಘವಾಗಬಹುದು ಎಂಬುದಕ್ಕೆ 2025ನೇ ಸಾಲಿನ ಕ್ಲಾಟ್ ಸಾಕ್ಷಿ. 2024ರ ಡಿಸೆಂಬರ್ 1ರಂದು ಪರೀಕ್ಷೆ, 7ರಂದು ಫಲಿತಾಂಶ. ಎರಡು ಪ್ರಶ್ನೆಗಳ ಉತ್ತರ ತಪ್ಪೆಂದು ದೆಹಲಿ ಹೈಕೋರ್ಟ್ ಡಿಸೆಂಬರ್ 20ರಂದು ಹೇಳಿದ ಮೇಲೆ ಸೀಟು ಹಂಚಿಕೆ ನಿಂತುಹೋಯಿತು. ಬೇರೆ ಬೇರೆ ಹೈಕೋರ್ಟ್‌ಗಳಲ್ಲಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಫೆಬ್ರವರಿಯಲ್ಲಿ ದೆಹಲಿಗೆ ವರ್ಗಾಯಿಸಿತು. ಏಪ್ರಿಲ್‌ನಲ್ಲಿ ವಿಭಾಗೀಯ ಪೀಠದ ತೀರ್ಪು, ಮೇ 7ರಂದು ಸುಪ್ರೀಂ ಕೋರ್ಟ್ ಆದೇಶ. ಪರಿಷ್ಕೃತ ಫಲಿತಾಂಶ ಬರುವಾಗ ಐದು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಖಾಸಗಿ ಸಂಸ್ಥೆಗಳ ಗಡುವು ಎದುರಿಸಿದವರಿಗೆ ತಮ್ಮ ರ‍್ಯಾಂಕ್ ಏನೆಂಬುದೇ ಖಚಿತವಿರಲಿಲ್ಲ. ಕಾನೂನು ಓದಲು ಹೊರಟವರಿಗೆ ಮೊದಲ ಪಾಠ ನ್ಯಾಯಾಲಯದಿಂದಲೇ ಸಿಕ್ಕಿತೆನ್ನಬೇಕು!

ಹಣ ಮರಳುವುದೇ?

ಖಾಸಗಿ ವಿಶ್ವವಿದ್ಯಾಲಯದಲ್ಲಿ ಸೀಟು ಹಿಡಿದಿಟ್ಟುಕೊಳ್ಳುವುದು ಬಹುತೇಕ ಮಧ್ಯಮ ವರ್ಗದ ಕುಟುಂಬಗಳ ವಿಮೆ. ಆದರೆ ಕಂತು ದುಬಾರಿ. ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ ಇಲ್ಲಿ ನೆರವಿಗೆ ಬರುತ್ತದೆ. ಪ್ರವೇಶದ ಕೊನೆಯ ದಿನಾಂಕಕ್ಕೆ ಕನಿಷ್ಠ 15 ದಿನ ಮೊದಲು ಹಿಂದೆ ಸರಿದರೆ ಪೂರ್ತಿ ಶುಲ್ಕ, ಆಮೇಲೆ ಶೇ. 90, 80, 50 ಹೀಗೆ ಇಳಿಯುತ್ತಾ ಕೊನೆಯ ದಿನಾಂಕ ದಾಟಿ ಒಂದು ತಿಂಗಳಾದರೆ ಸೊನ್ನೆ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂದೂ ಅದು ಹೇಳುತ್ತದೆ. ಇಡೀ ಕೋರ್ಸಿನ ಶುಲ್ಕವನ್ನು ಒಮ್ಮೆಲೇ ಕೇಳುವಂತಿಲ್ಲ. 2024-25ನೇ ಸಾಲಿಗೆ ಯುಜಿಸಿ ಇನ್ನಷ್ಟು ಉದಾರವಾಗಿ, ಸೆಪ್ಟೆಂಬರ್ 30ರವರೆಗೆ ಪೂರ್ಣ ಮರುಪಾವತಿ, ಅಕ್ಟೋಬರ್ 31ರವರೆಗೆ ಹೆಚ್ಚೆಂದರೆ 1,000 ರೂಪಾಯಿ ಕಡಿತ ಎಂದು ಸೂಚಿಸಿತ್ತು. ಈ ಸೂಚನೆ ವರ್ಷ ವರ್ಷವೂ ಬದಲಾಗುವುದರಿಂದ ಆಯಾ ಸಾಲಿನ ಸುತ್ತೋಲೆಯ ಪ್ರತಿ ಇಟ್ಟುಕೊಂಡೇ ಹಣ ಕಟ್ಟುವುದು ಜಾಣತನ. ಕ್ಲಾಟ್ ದೃಢೀಕರಣ ಶುಲ್ಕಕ್ಕೆ ಒಕ್ಕೂಟದ್ದೇ ಷರತ್ತುಗಳಿವೆ. ಅವನ್ನೂ ಬೇರೆಯಾಗಿ ಓದಬೇಕು.

ಎರಡು ದೋಣಿಯಲ್ಲಿ ಕಾಲಿಡುವುದನ್ನು ತಪ್ಪೆಂದು ದೂರುವವರಿದ್ದಾರೆ. ವ್ಯವಸ್ಥೆಯೇ ಎರಡು ದೋಣಿಗಳನ್ನು ಬೇರೆ ಬೇರೆ ಹೊತ್ತಿಗೆ ಬಿಡುವಾಗ ವಿದ್ಯಾರ್ಥಿಯನ್ನು ದೂರಿ ಫಲವಿಲ್ಲ. ದೂರು ಸಲ್ಲುವುದು ನಿರ್ಧಾರವಾದ ಮೇಲೂ ಸೀಟು ಬಿಡದವರಿಗೆ. ತಡವಾಗಿ ತೆರವಾದ ಸೀಟು ಕಾಯುತ್ತಿರುವ ಇನ್ನೊಬ್ಬರಿಗೆ ತಲುಪುವುದು ಕಡೆಯ ಸುತ್ತಿನಲ್ಲಿ. ಆ ವೇಳೆಗೆ ಅವರೂ ಬೇರೆಡೆ ಹಣ ಕಟ್ಟಿಬಿಟ್ಟಿರುತ್ತಾರೆ.

ಇನ್ನೊಂದು ಷರತ್ತು ಸಂಭ್ರಮದಲ್ಲಿ ಮರೆತುಹೋಗುತ್ತದೆ. ಐದು ವರ್ಷದ ಪದವಿಗೆ ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದಂತೆ ಸಾಮಾನ್ಯ ವರ್ಗದವರಿಗೆ ಪಿಯುಸಿಯಲ್ಲಿ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ಪಿಯುಸಿ ಫಲಿತಾಂಶಕ್ಕೆ ಮುನ್ನ ಸಿಗುವ ಸೀಟೆಲ್ಲವೂ ತಾತ್ಕಾಲಿಕವೇ. ಮಾರ್ಚ್ ಪರೀಕ್ಷೆಯ ಓದು ಬಿಟ್ಟು ದಿನವೂ ಪಟ್ಟಿ ನೋಡುತ್ತಾ ಕೂತವರು ಅಂಕ ಕಡಿಮೆಯಾದರೆ ಹಿಡಿದಿಟ್ಟ ಸೀಟನ್ನೇ ಕಳೆದುಕೊಳ್ಳಬಹುದು. ಅಂಕಗಳ ಮೇಲೆ ನಿಂತಿರುವ ಹುಬ್ಬಳ್ಳಿ ವಿಶ್ವವಿದ್ಯಾಲಯದ ಕಾಲೇಜುಗಳ ದಾರಿಯೂ ಆಗ ಕಿರಿದಾಗುತ್ತದೆ.