ಗೋದೌಲಿಯಾಕ್ಕೆ ಯಾವ ಫಿಲ್ಮ್ ಕ್ಯಾಮೆರಾ? ಮೊದಲು ಗಲ್ಲಿ, ಆಮೇಲೆ ಲೆನ್ಸ್, ಕೊನೆಗೆ ಬಾಡಿ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬ್‌ನಲ್ಲಿ ಓದ್ಕೋತೀವಿ ಅನ್ನೋರಿಗೆ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಮಾತಿನಲ್ಲಿ ಬಿಟ್ಟುಹೋಗಿದ್ದ ಒಂದೆರಡು ಲೆಕ್ಕಗಳನ್ನೂ ಸೇರಿಸಿದ್ದೀನಿ.

ನೋಯ್ಡಾ, ಪುಣೆ, ಹೈದರಾಬಾದ್ ಕಡೆಯಿಂದ ಬರೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಅಪ್ಪ-ಅಮ್ಮನ್ನ ಕಾಶಿಗೆ ಕರ್ಕೊಂಡು ಹೋಗ್ತಿದ್ದಾರೆ, ಫಿಲ್ಮ್‌ನಲ್ಲಿ ನಾಲ್ಕು ಒಳ್ಳೆ ಫೋಟೊ ಬರಬೇಕು, ಯಾವ ಕ್ಯಾಮೆರಾ ತಗೋಬೇಕು? ಹೆಚ್ಚಿನವರ ಮನೆಯಲ್ಲಿ ಕಾಶಿಯಾತ್ರೆ ಅಂದ್ರೆ ಜೀವಮಾನಕ್ಕೆ ಒಂದು ಸಲ. ಫಿಲ್ಮ್ ಏನಾಯ್ತು ಅಂತ ಗೊತ್ತಾಗೋದು ಊರಿಗೆ ವಾಪಸ್ ಬಂದು ತೊಳೆಸಿದ ಮೇಲೆ. ಹೋಗಿ ಮತ್ತೆ ತೆಗೆಯೋಕಾಗಲ್ಲ. ಅದಕ್ಕೇ ಕ್ಯಾಮೆರಾದಿಂದ ಶುರು ಮಾಡಬೇಡಿ. ಯಾವ ಬೆಳಕಲ್ಲಿ, ಎಷ್ಟು ಜಾಗದಲ್ಲಿ ನಿಂತು ತೆಗೀತೀರಿ ಅನ್ನೋದರಿಂದ ಶುರು ಮಾಡಿ.

ಗೋದೌಲಿಯಾ ಚೌಕವನ್ನೇ ತಗೊಳ್ಳಿ. ಕಾಶಿಗೆ ಹೋದವರು ಇಲ್ಲಿ ಕಾಲಿಡದೆ ಬರೋದು ಕಷ್ಟ. ಪೂರ್ವಕ್ಕೆ ನಡೆದರೆ ಹತ್ತು ನಿಮಿಷದೊಳಗೆ ದಶಾಶ್ವಮೇಧ ಘಾಟ್. ಇನ್ನೊಂದು ಕಡೆ ವಿಶ್ವನಾಥನ ಗುಡಿ. ಹತ್ತಿರದಲ್ಲೇ ಜಂಗಮವಾಡಿ ಮಠ, ಅಂದ್ರೆ ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕಾಶೀ ಪೀಠ. ಹಿರಿಯರ ನೆನಪಿಗೆ ಅಂತ ಭಕ್ತರು ಕೊಟ್ಟ ಸಾವಿರಾರು ಶಿವಲಿಂಗಗಳು ಅಲ್ಲಿ ಸಾಲಾಗಿವೆ. ಸುತ್ತ ಹಿಂದಿ, ಭೋಜಪುರಿ ಕೇಳಿ ದಣಿದ ಕಿವಿಗೆ ಅಲ್ಲಿ ಕನ್ನಡವೂ ಬೀಳುತ್ತೆ. ಒಳಗೆ ಫೋಟೊ ತೆಗೆಯೋದಾದ್ರೆ ಕೇಳಿಯೇ ತೆಗೀರಿ.

ಈಗ ಬೆಳಕಿನ ವಿಷಯ. ಮಧ್ಯಾಹ್ನ ಘಾಟ್ ಮೇಲೆ ನಿಂತರೆ, ಐಎಸ್‌ಒ 400 ಫಿಲ್ಮ್‌ಗೆ ಎಫ್ 16, 1/500 ಸೆಕೆಂಡ್ ಸಾಕು. ಐವತ್ತು ಹೆಜ್ಜೆ ಹಿಂದೆ ಬಂದು ಗಲ್ಲಿ ಹೊಕ್ಕರೆ ಅಂದಾಜು ಎಫ್ 4, 1/125 ಬೇಕಾಗುತ್ತೆ. ಆರು ಸ್ಟಾಪ್ ವ್ಯತ್ಯಾಸ ಅಂದ್ರೆ ಬೆಳಕು 64ರಲ್ಲಿ ಒಂದು ಪಾಲು. ನಮ್ಮ ಕಣ್ಣು ತಾನೇ ಹೊಂದಿಕೊಳ್ಳೋದರಿಂದ ಗೊತ್ತೇ ಆಗಲ್ಲ, ಫಿಲ್ಮ್‌ಗೆ ಗೊತ್ತಾಗುತ್ತೆ. ಸಂಜೆ ಆರತಿ ಹೊತ್ತಿಗೆ ದೀಪದ ಬೆಳಕಲ್ಲಿ ಮುಖ ಕಾಣಬೇಕಾದ್ರೆ ಎಫ್ 2, 1/60ಕ್ಕೆ ಇಳೀಬೇಕು.

ಆದ್ರೆ ಗಲ್ಲಿಯ ಬೆಳಕು ಕಮ್ಮಿ ಅಂತ ಬೇಜಾರಾಗಬೇಡಿ, ಅದು ಬಹಳ ಚೆಂದದ ಬೆಳಕು. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ನೋಡಿದೀರಾ? ಕಾಶಿಯ ಹಳೇ ಮನೆಗಳು ನಮ್ಮ ತೊಟ್ಟಿ ಮನೆ ಥರ, ಬೆಳಕು ಮೇಲಿನಿಂದ ಮಾತ್ರ ಬೀಳುತ್ತೆ, ನೆರಳಿಗೆ ಅಂಚೇ ಇರಲ್ಲ. ಮನೆಯ ಸೆಟ್ ಹಾಕಿದ್ದು ಕಲ್ಕತ್ತಾದ ಸ್ಟುಡಿಯೊದಲ್ಲಿ. ಆ ಬೆಳಕನ್ನು ಅಲ್ಲಿ ತರೋದಕ್ಕೆ ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳನ್ನು ಅದರ ಮೇಲೆ ಬಿಟ್ಟು, ವಾಪಸ್ ಬಂದ ಬೆಳಕಲ್ಲಿ ಚಿತ್ರೀಕರಿಸಿದರು. ಅವರು ಅಷ್ಟು ಕಷ್ಟಪಟ್ಟು ಮಾಡಿದ ಬೆಳಕು ನಿಮಗೆ ಗೋದೌಲಿಯಾ ಹಿಂದಿನ ಗಲ್ಲಿಯಲ್ಲಿ ಬಿಟ್ಟಿ. ವಯಸ್ಸಾದವರ ಮುಖಕ್ಕೆ ಅದಕ್ಕಿಂತ ಒಳ್ಳೇದು ಇಲ್ಲ. ಫ್ಲ್ಯಾಶ್ ಹಾಕಿ ಕೆಡಿಸಬೇಡಿ.

ಹಾಗಾಗಿ ಫಿಲ್ಮ್ 400ರದ್ದೇ ಇರಲಿ. ಕಲರ್ ಬೇಕಾದ್ರೆ ಕೊಡಾಕ್ ಅಲ್ಟ್ರಾಮ್ಯಾಕ್ಸ್ 400, ಕಪ್ಪು-ಬಿಳುಪು ಇಷ್ಟ ಇದ್ರೆ ಇಲ್‌ಫರ್ಡ್ ಎಚ್‌ಪಿ5. ಎಚ್‌ಪಿ5 ಅನ್ನು 1600 ಅಂತ ಸೆಟ್ ಮಾಡಿ ತೆಗೆದು, ಲ್ಯಾಬ್‌ನಲ್ಲಿ ಪುಶ್ ಮಾಡಿಸಬಹುದು. ಆದ್ರೆ ಇಡೀ ರೋಲ್ ಹಾಗೇ ತೆಗೀಬೇಕು, ಅರ್ಧದಲ್ಲಿ ಬದಲಿಸೋ ಹಾಗಿಲ್ಲ. ಗೋಲ್ಡ್ 200 ಬೆಳಗಿನ ದೋಣಿಗೆ ಸರಿ, ಗಲ್ಲಿಗೆ ಸಾಲದು. ಸಿನಿಸ್ಟಿಲ್ 800ಟಿ ರಾತ್ರಿಗೆ ಅಂತಾರೆ ನಿಜ, ಆದ್ರೆ ಪ್ರತಿ ದೀಪದ ಸುತ್ತ ಕೆಂಪು ಪ್ರಭೆ ಬರುತ್ತೆ. ಅಮ್ಮನ ಫೋಟೊಗೆ ನಾನಂತೂ ಹಾಕಲ್ಲ.

ಲೆನ್ಸ್‌ಗೆ ಬರೋಣ, ಇದೇ ಮುಖ್ಯ. ಹಳೇ ಎಸ್‌ಎಲ್‌ಆರ್ ಜೊತೆ ಮಾರಾಟಗಾರರು 35–70 ಜೂಮ್ ಕಟ್ಟಿ ಕೊಡ್ತಾರೆ, ಎಫ್ 3.5ರಿಂದ 4.8. ಆರತಿಯ ಲೆಕ್ಕ ಮತ್ತೆ ನೋಡಿ: ಎಫ್ 2ರಲ್ಲಿ 1/60 ಸಿಕ್ಕಿದ್ದು ಎಫ್ 4.8ರಲ್ಲಿ 1/10 ಆಗುತ್ತೆ. ಕೈಯಲ್ಲಿ ಹಿಡಿದು 1/10ರಲ್ಲಿ ತೆಗೆದರೆ ಅಪ್ಪ, ಆರತಿ, ಗಂಗೆ ಎಲ್ಲಾ ಒಟ್ಟಿಗೆ ಕಲಸಿಹೋಗುತ್ತೆ. ಆದ್ದರಿಂದ ಜೂಮ್ ಬೇಡ, ಎಫ್ 1.8 ಅಥವಾ ಎಫ್ 2ರ ಪ್ರೈಮ್ ತಗೊಳ್ಳಿ.

50 ಎಂಎಂ ಲೆನ್ಸ್ ಸುಲಭವಾಗಿ ಸಿಗುತ್ತೆ, ಅಗ್ಗವೂ ಹೌದು. ಆದ್ರೆ ಗಲ್ಲಿಯಲ್ಲಿ ಹಿಂದೆ ಸರಿಯೋಕೆ ಜಾಗ ಇಲ್ಲ. ಬೆನ್ನಿಗೆ ಗೋಡೆ, ಪಕ್ಕದಲ್ಲಿ ಹಾರ್ನ್ ಹೊಡೀತಾ ಬೈಕು, ಮಧ್ಯೆ ಒಂದು ಗೂಳಿ. ಎರಡು ಮೀಟರ್ ದೂರದಲ್ಲಿ ಕ್ಯಾಮೆರಾ ಉದ್ದಕ್ಕೆ ಹಿಡಿದರೆ 50 ಎಂಎಂನಲ್ಲಿ 1.44 ಮೀಟರ್ ಎತ್ತರ ಮಾತ್ರ ಹಿಡಿಸುತ್ತೆ, ನಿಂತ ಮನುಷ್ಯನ ಕಾಲು ಕತ್ತರಿಸಿಹೋಗುತ್ತೆ. 35 ಎಂಎಂನಲ್ಲಿ 2 ಮೀಟರ್ ಚಿಲ್ಲರೆ, ಪೂರ್ತಿ ಮನುಷ್ಯ, ಮೇಲೊಂದು ಕಿಟಕಿ ಕೂಡ. ಗಲ್ಲಿಯೇ ನಿಮ್ಮ ಆಸೆ ಆದ್ರೆ 35, ಮುಖ ಮತ್ತು ಆರತಿ ಆದ್ರೆ 50. ಒಂದೇ ತಗೊಳ್ಳೋ ದುಡ್ಡಿದ್ರೆ 50 ತಗೊಳ್ಳಿ, ಎರಡು ಹೆಜ್ಜೆ ಹೆಚ್ಚು ನಡೀರಿ.

ಬಾಡಿ ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ಇಷ್ಟೊತ್ತಿಗೆ ಅರ್ಧ ತೀರ್ಮಾನ ಆಗಿದೆ. ಮೊದಲು ಊರಿನ ಬೀರು ತೆಗೆದು ನೋಡಿ. ಯಾಶಿಕಾ ಎಲೆಕ್ಟ್ರೊ 35 ಇದ್ರೆ ಅದೃಷ್ಟ, 45 ಎಂಎಂ ಎಫ್ 1.7 ಲೆನ್ಸ್ ಅದರಲ್ಲೇ ಇದೆ. ಮೂಲ ಪಾದರಸದ ಬ್ಯಾಟರಿ ಈಗ ಇಲ್ಲ, ಅಡಾಪ್ಟರ್ ಹಾಕಿದ್ರೆ ಇಂದಿನ ಬ್ಯಾಟರಿ ನಡೆಯುತ್ತೆ. ಕೊಡಾಕ್ ಕೆಬಿ10 ಸಿಕ್ಕಿದ್ರೆ ಶೋಕೇಸ್‌ನಲ್ಲಿಡಿ. ಫೋಕಸ್ ಬದಲಿಸೋಕಾಗದ ಆ ಡಬ್ಬಿಯಿಂದ ಗಲ್ಲಿಯಲ್ಲಿ ಏನೂ ಆಗಲ್ಲ. ಕೊಂಡುಕೊಳ್ಳೋದಾದ್ರೆ ಪೆಂಟಾಕ್ಸ್ ಕೆ1000 ಅಥವಾ ನಿಕಾನ್ ಎಫ್‌ಎಂ2. ಇವೆರಡರಲ್ಲೂ ಬ್ಯಾಟರಿ ಮೀಟರ್‌ಗೆ ಮಾತ್ರ. ಬ್ಯಾಟರಿ ಸತ್ತರೂ ಶಟರ್ ಓಡುತ್ತೆ. ಕ್ಯಾನನ್ ಎಇ-1 ನೋಡೋಕೆ ಚೆಂದ, ಆದ್ರೆ ಬ್ಯಾಟರಿ ಹೋದ್ರೆ ಅಲ್ಲಿಗೇ ನಿಲ್ಲುತ್ತೆ. ಅದನ್ನೇ ಒಯ್ಯೋದಾದ್ರೆ ಜೇಬಲ್ಲಿ ಇನ್ನೊಂದು 6 ವೋಲ್ಟ್ ಬ್ಯಾಟರಿ ಇರಲಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆ ಥರ ಎಳೆ ಕಂಡರೆ ಫಂಗಸ್, ಬಿಟ್ಟುಬಿಡಿ. ಹಿಂದಿನ ಬಾಗಿಲು ತೆಗೆದು 1 ಸೆಕೆಂಡ್‌ಗೆ ಶಟರ್ ಒತ್ತಿ, ಗಡಿಯಾರ ಇಟ್ಟುಕೊಂಡು ಕೇಳಿ. ಬಾಗಿಲ ಅಂಚಿನ ಕಪ್ಪು ಸ್ಪಂಜು ಕೈಗೆ ಅಂಟಿದ್ರೆ ಬೆಳಕು ಒಳಗೆ ಸೋರುತ್ತೆ ಅಂತ ಅರ್ಥ. ಅದನ್ನು ಕಮ್ಮಿ ಖರ್ಚಲ್ಲಿ ಬದಲಿಸಬಹುದು, ಆದ್ರೆ ಬೆಲೆ ಇಳಿಸಿ ಕೇಳೋಕೆ ಒಳ್ಳೇ ಕಾರಣ. ಇನ್ನೊಂದು: ರೋಲ್ ಹಾಕಿ ಸಡಿಲ ತೆಗೆದ ಮೇಲೆ, ಪ್ರತಿ ಸಲ ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಂಡಿ ತಿರುಗುತ್ತಾ ನೋಡಿ. ತಿರುಗದಿದ್ರೆ ಫಿಲ್ಮ್ ಕಚ್ಚಿಲ್ಲ. 36 ಸಲ ಕ್ಲಿಕ್ ಮಾಡಿದರೂ ಒಂದೂ ಫೋಟೊ ಬಂದಿರಲ್ಲ. ಯಾತ್ರೆಗೆ ಮುಂಚೆ ಊರಲ್ಲೇ ಒಂದು ರೋಲ್ ತೆಗೆದು ತೊಳೆಸಿ ನೋಡಿ. ರೋಲು, ಡೆವಲಪ್, ಸ್ಕ್ಯಾನ್ ಎಲ್ಲಾ ಸೇರಿ ಸಾವಿರ ರೂಪಾಯಿ ದಾಟುತ್ತೆ, ಗೊತ್ತು. ಆದ್ರೂ ಮಾಡಿ.

ಬ್ಯಾಗು. ದೊಡ್ಡ ಕ್ಯಾಮೆರಾ ಬ್ಯಾಕ್‌ಪ್ಯಾಕ್ ಇಲ್ಲಿ ಶತ್ರು. ಗಲ್ಲಿಯಲ್ಲಿ ತಿರುಗಿದರೆ ಯಾರಿಗಾದರೂ ತಗುಲುತ್ತೆ, ಹಿಂದೆ ಏನಾಗ್ತಿದೆ ಅಂತ ಕಾಣಲ್ಲ. ಅಡ್ಡ ಹಾಕಿಕೊಳ್ಳೋ ಕ್ಯಾನ್ವಾಸ್ ಚೀಲ, ಜಿಪ್ ಇರೋದು, ಬ್ರ್ಯಾಂಡ್ ಹೆಸರು ಹೊರಗೆ ಕಾಣದ್ದು. ಒಂದು ಬಾಡಿ, ಇನ್ನೊಂದು ಲೆನ್ಸ್, ನಾಲ್ಕು ರೋಲ್, ನೀರಿನ ಬಾಟಲಿ, ಇಷ್ಟು ಹಿಡಿದರೆ ಸಾಕು. ಒಳಗೆ ಒಂದು ಹಳೇ ಟವೆಲ್ ಸುತ್ತಿದ್ರೆ ಕುಷನ್ ದುಡ್ಡು ಉಳಿಯುತ್ತೆ. ವಿಶ್ವನಾಥನ ಗುಡಿಯೊಳಗೆ ಫೋನು, ಕ್ಯಾಮೆರಾ, ಬ್ಯಾಗು ಯಾವುದೂ ಬಿಡಲ್ಲ, ಲಾಕರ್‌ನಲ್ಲಿ ಇಡಬೇಕು. ಅದಕ್ಕೇ ಚೀಲ ಲಾಕರ್‌ಗೆ ಹಿಡಿಸೋ ಅಳತೆಯಲ್ಲಿರಲಿ. ಇಡೋಕೆ ಮನಸ್ಸಿಲ್ಲದಿದ್ರೆ ಮನೆಯವರು ಸರದಿ ಮೇಲೆ ದರ್ಶನ ಮಾಡಿ, ಒಬ್ಬರು ಹೊರಗೆ ಚೀಲ ಹಿಡಿದು ಕೂತಿರಲಿ.

ಮಣಿಕರ್ಣಿಕಾದಲ್ಲಿ, ಹರಿಶ್ಚಂದ್ರ ಘಾಟ್‌ನಲ್ಲಿ ಕ್ಯಾಮೆರಾ ಚೀಲದೊಳಗೇ ಇರಲಿ. ದೂರದ ದೋಣಿಯಿಂದ ಟೆಲಿ ಲೆನ್ಸ್ ಹಾಕಿ ತೆಗೆಯೋರಿದ್ದಾರೆ. ಅದು ಯಾರದೋ ಮನೆಯ ಸಾವು. ಟೆಲಿ ಕೊಳ್ಳಬೇಡಿ ಅನ್ನೋಕೆ ನನಗೆ ಅದೂ ಒಂದು ಕಾರಣ.

ಡಿಸೆಂಬರ್, ಜನವರಿಯಲ್ಲಿ ಹೋದ್ರೆ ಬೆಳಗ್ಗೆ ಗಂಗೆ ಮೇಲೆ ದಟ್ಟ ಮಂಜು. ಮೀಟರ್ ಆ ಬಿಳುಪಿಗೆ ಮೋಸ ಹೋಗುತ್ತೆ, ಅದು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡಿ. ಮೇ ತಿಂಗಳಾದ್ರೆ ಬಿಸಿಲಲ್ಲಿ ನಿಲ್ಲಿಸಿದ ಕಾರೊಳಗೆ ಫಿಲ್ಮ್ ಬಿಡಬೇಡಿ.

ವಿಮಾನದಲ್ಲಿ ಹೋಗೋರು ಫಿಲ್ಮ್ ಅನ್ನು ಚೆಕ್-ಇನ್ ಸೂಟ್‌ಕೇಸ್‌ಗೆ ಎಂದೂ ಹಾಕಬೇಡಿ, ಅದಕ್ಕೆ ಬಿಡೋ ಎಕ್ಸ್‌ರೇ ಜೋರು. ಕೈಚೀಲಕ್ಕೆ ಹಳೇ ಮಾದರಿಯ ಯಂತ್ರ ಇದ್ದರೆ 400ರ ಫಿಲ್ಮ್‌ಗೆ ಒಂದೆರಡು ಸಲ ಏನೂ ಆಗಲ್ಲ. ಹೊಸ ಸಿಟಿ ಸ್ಕ್ಯಾನರ್ ಇದ್ರೆ ಯಾವ ಫಿಲ್ಮ್ ಆದರೂ ಮಬ್ಬಾಗಬಹುದು. ರೋಲ್‌ಗಳನ್ನು ಪಾರದರ್ಶಕ ಜಿಪ್ ಕವರ್‌ನಲ್ಲಿ ಬೇರೆ ಇಟ್ಟು, ಕೈಯಲ್ಲೇ ನೋಡಿ ಅಂತ ಸೆಕ್ಯುರಿಟಿಯವರನ್ನು ವಿನಯವಾಗಿ ಕೇಳಿ. ಎಲ್ಲರೂ ಒಪ್ಪಲ್ಲ, ಆದ್ರೆ ಕೇಳೋದರಲ್ಲಿ ನಷ್ಟ ಇಲ್ಲ. ದೆಹಲಿ ಕಡೆಯವರಿಗೆ ವಂದೇ ಭಾರತ್ ಎಂಟು ಗಂಟೆ, ಈ ತಲೆಬಿಸಿ ಕಮ್ಮಿ.

ತೆಗೆದ ಪ್ರತಿ ರೋಲ್ ಮೇಲೆ ಮಾರ್ಕರ್‌ನಿಂದ ತಾರೀಖು, ಜಾಗ, ಐಎಸ್‌ಒ ಬರೀರಿ. ಪುಶ್ ಮಾಡಬೇಕಾದ ರೋಲ್ ಯಾವುದು ಅಂತ ಲ್ಯಾಬ್‌ನವರಿಗೆ ಕನಸು ಬೀಳಲ್ಲ.