ಬಸುರಿಯ ಗುಂಡಿಗೆಯೂ ಅರಿವಳಿಕೆಯೂ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ಹಿರಿಯರು ಹೇಳುವುದುಂಟು. ಗುಂಡಿಗೆಯ ಬೇನೆಯುಳ್ಳ ಬಸುರಿಯ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ.

ನಮ್ಮ ದೇಶದಲ್ಲಿ ಇಂಥ ಗರ್ಭಿಣಿಯರಲ್ಲಿ ಹೆಚ್ಚಾಗಿ ಕಾಣುವುದು ಮೈಟ್ರಲ್ ಕವಾಟ ಕಿರಿದಾಗುವ ರೋಗ. ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರವೇ ಸಾಮಾನ್ಯವಾಗಿ ಇದರ ಮೂಲ. 4ರಿಂದ 6 ಚದರ ಸೆಂಟಿಮೀಟರಿನಷ್ಟು ತೆರೆಯಬೇಕಾದ ಈ ಬಾಗಿಲು 1.5ಕ್ಕೋ ಅದಕ್ಕಿಂತ ಕೆಳಗೋ ಇಳಿದರೆ ರೋಗ ತೀವ್ರವೆಂದು ಲೆಕ್ಕ. ಆದರೂ ಬಸುರಿಯಾಗುವ ತನಕ ಅದರ ಸುಳಿವೇ ಸಿಗದಿರಬಹುದು.

ಬಸುರಿನಲ್ಲಿ ಮೈಯ ರಕ್ತ ಶೇಕಡಾ 40-50ರಷ್ಟು ಹೆಚ್ಚುತ್ತದೆ; ನಾಡಿಯೂ ಚುರುಕಾಗುತ್ತದೆ. ಕಿರಿದಾದ ಬಾಗಿಲನ್ನು ದಾಟಲು ರಕ್ತಕ್ಕೆ ಸಾವಕಾಶ ಬೇಕು. ಗುಂಡಿಗೆ ಓಡತೊಡಗಿದರೆ ಆ ಸಾವಕಾಶ ಎಲ್ಲಿಯದು? ರಕ್ತ ಹಿಂದೆಯೇ ತಡೆದು ನಿಂತು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಹೆರಿಗೆಯ ನೋವು, ಅಂಜಿಕೆಗಳು ನಾಡಿಯನ್ನು ಮತ್ತಷ್ಟು ಓಡಿಸುತ್ತವೆ. ಆದುದರಿಂದ ಇಲ್ಲಿ ನೋವನ್ನು ತಗ್ಗಿಸುವುದು ಬರಿಯ ಉಪಚಾರವಲ್ಲ, ಚಿಕಿತ್ಸೆಯ ಭಾಗವೇ. ಅರಿವಳಿಕೆಯ ವೈದ್ಯರು ಬೆನ್ನುಮೂಳೆಯ ಸಂದಿಯಲ್ಲಿ ತೆಳುವಾದ ನಳಿಕೆಯನ್ನಿಟ್ಟು ಔಷಧವನ್ನು ತುಸುತುಸುವಾಗಿ ಕೊಡುತ್ತಾರೆ. ಇದಕ್ಕೆ ಎಪಿಡ್ಯೂರಲ್ ಎಂದು ಹೆಸರು. ಬೆನ್ನಿಗೆ ಒಂದೇ ಸಲ ಪೂರ್ತಿ ಔಷಧ ಚುಚ್ಚಿದರೆ ರಕ್ತದೊತ್ತಡ ಥಟ್ಟನೆ ಕುಸಿಯಬಹುದು. ರೋಗ ಬಲಿತ ಗುಂಡಿಗೆ ಅದನ್ನು ತಾಳಲಾರದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರಿಗೆ ಬೆನ್ನಿಗೆ ಸೂಜಿ ಹಾಕಿದಾಗ ಒಳಗೆ ರಕ್ತಸ್ರಾವದ ಭಯವುಂಟು. ಆ ಔಷಧವನ್ನು ಎಷ್ಟು ಗಂಟೆ ಮುಂಚೆ ನಿಲ್ಲಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು. ಮನೆಯವರು ತಾವಾಗಿ ನಿಲ್ಲಿಸಕೂಡದು. ಬಸುರಿಯನ್ನು ಅಂಗಾತ ಮಲಗಿಸದೆ ಎಡಕ್ಕೆ ವಾಲಿಸುವುದೂ ಮುಖ್ಯ. ಇಲ್ಲವಾದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ.

ಮಗು ಹುಟ್ಟಿತೆಂದು ನಿಶ್ಚಿಂತರಾಗುವಂತಿಲ್ಲ. ಗರ್ಭಕೋಶ ಕುಗ್ಗುತ್ತಲೇ ಅಲ್ಲಿದ್ದ ರಕ್ತ ಗುಂಡಿಗೆಯ ಕಡೆಗೆ ನುಗ್ಗುತ್ತದೆ. ಹೆರಿಗೆಯ ನಂತರದ ಮೊದಲ ಒಂದೆರಡು ದಿನ ಬಾಣಂತಿಯ ಮೇಲೆ ಕಣ್ಣಿಟ್ಟಿರಬೇಕು.

ಮನೆಯವರ ಕರ್ತವ್ಯವೇನು? ಮಲಗಿದರೆ ಉಸಿರು ಕಟ್ಟುವುದು, ರಾತ್ರಿ ಕೆಮ್ಮು, ನಾಲ್ಕು ಹೆಜ್ಜೆಗೇ ಏದುಸಿರು, ಇವನ್ನು 'ಬಸುರಿಯಲ್ಲವೆ, ಇದ್ದದ್ದೇ' ಎಂದು ತಳ್ಳಿಹಾಕಬಾರದು. ಚಿಕ್ಕಂದಿನಲ್ಲಿ ಕೀಲು ಬಾತು ಜ್ವರ ಬಂದಿದ್ದರೆ, ಗುಂಡಿಗೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಮೊದಲ ತಿಂಗಳುಗಳಲ್ಲೇ ವೈದ್ಯರಿಗೆ ತಿಳಿಸಬೇಕು. ಗಂಡನ ಮನೆಯವರು ಏನೆಂದುಕೊಂಡಾರೋ ಎಂದು ತವರಿನವರು ಇದನ್ನು ಮುಚ್ಚಿಡುವುದುಂಟು. ಹೃದಯವೈದ್ಯರು, ಹೆರಿಗೆವೈದ್ಯರು, ಅರಿವಳಿಕೆಯ ವೈದ್ಯರು ಮೂವರೂ ಮುಂಚಿತವಾಗಿ ಕೂಡಿ ಯೋಚಿಸಲು ಆ ಒಂದು ಮಾತೇ ಆಧಾರ. ಅದನ್ನು ಮುಚ್ಚಿಟ್ಟರೆ ಅಪಾಯ ತಾಯಿಗೂ ಉಂಟು, ಮಗುವಿಗೂ ಉಂಟು.