ಪೀನಟ್‌ನ ವಂಶಾವಳಿ, ಕಡಲೆಕಾಯಿಯ ನೆಂಟಸ್ತಿಕೆ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಂತೆಂದರೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯ ಇಕ್ಕೆಲದಲ್ಲೂ ಕಡಲೆಕಾಯಿ ರಾಶಿ. ಹಸಿಯದು, ಹುರಿದದ್ದು, ಬೇಯಿಸಿದ್ದು, ಎಲ್ಲವನ್ನೂ ಸೇರಿನಲ್ಲಿ ಅಳೆದು ಕೊಡುತ್ತಾರೆ. ಹೊಲಕ್ಕೆ ನುಗ್ಗಿ ಬೆಳೆ ಮೇಯುತ್ತಿದ್ದ ಬಸವನಿಗೆ ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ಕಡೆಯ ರೈತರು ಮೊದಲ ಫಸಲಿನ ಹರಕೆ ಹೊತ್ತರೆಂಬುದು ಈ ಕಡಲೆಕಾಯಿ ಪರಿಷೆಯ ಐತಿಹ್ಯ. ಇಷ್ಟು ನಮ್ಮದಾಗಿರುವ ಈ ಕಾಯಿಯ ತವರು ದಕ್ಷಿಣ ಅಮೆರಿಕ. ಕೊಲಂಬಸ್‌ನ ನಂತರದ ಕಾಲದಲ್ಲಿ ಅದು ಹಡಗೇರಿ ಲೋಕ ಸುತ್ತಿತು. ಹೋದ ಕಡೆಯೆಲ್ಲ ಅದಕ್ಕೊಂದು ಹೆಸರು ಬೇಕಾಯಿತು.

ಇಂಗ್ಲಿಷರು ಎರಡು ಹಳೆಯ ಪದಗಳನ್ನು ಜೋಡಿಸಿ 'ಪೀನಟ್' ಎಂದರು. 'ಪೀ' ಎಂದರೆ ಬಟಾಣಿ. ಗ್ರೀಕಿನ 'ಪಿಸಾನ್' ಲ್ಯಾಟಿನ್‌ನಲ್ಲಿ 'ಪಿಸಮ್' ಆಗಿ, ಇಂಗ್ಲಿಷಿನಲ್ಲಿ 'ಪೀಸ್' ಆಯಿತು. ಅದು ಏಕವಚನವೇ. ಆದರೆ ಕೊನೆಯ 'ಸ್' ಬಹುವಚನದ ಗುರುತೆಂದು ತಿಳಿದ ಜನ 17ನೇ ಶತಮಾನದ ಹೊತ್ತಿಗೆ ಅದನ್ನು ಕತ್ತರಿಸಿ 'ಪೀ' ಮಾಡಿಕೊಂಡರು. 'ನಟ್' ಹಳೆಯ ಇಂಗ್ಲಿಷಿನ 'ಹ್ನುತು'ವಿನ ಸಂತತಿ. ಸಸ್ಯಶಾಸ್ತ್ರದ ಪ್ರಕಾರ ಕಡಲೆಕಾಯಿ ಬಟಾಣಿಯೂ ಅಲ್ಲ, ನಟ್ಟೂ ಅಲ್ಲ. ಬಟಾಣಿ, ಅವರೆ, ತೊಗರಿಗಳ ಕುಲಕ್ಕೆ ಸೇರಿದ ಬೇರೆಯದೇ ಗಿಡ.

ನಮ್ಮವರು ಮಾಡಿದ್ದೂ ಇದನ್ನೇ. ಇಂಗ್ಲಿಷರಿಗೆ ಬಟಾಣಿ ಗೊತ್ತಿತ್ತು, ನಮಗೆ ಕಡಲೆ ಗೊತ್ತಿತ್ತು. ಕಡಲೆಯಂಥ ಕಾಳಿರುವ ಕಾಯಿ ಕಡಲೆಕಾಯಿಯಾಯಿತು, ಸುಲಿದರೆ ಕಡಲೆಬೀಜ. ಉತ್ತರ ಕರ್ನಾಟಕದ 'ಶೇಂಗಾ' ಮರಾಠಿಯ 'ಶೇಂಗ್' ಪದದ ಬಂಧು. ಮರಾಠಿಯಲ್ಲಿ ಹಾಗೆಂದರೆ ಬೀಜ ತುಂಬಿದ ಕಾಯಿ.

ಇನ್ನೊಂದು ಹೆಸರು 'ನೆಲಗಡಲೆ'. ಇಂಗ್ಲಿಷಿನ 'ಗ್ರೌಂಡ್‌ನಟ್'ನಲ್ಲೂ ನೆಲವಿದೆ. ತಮಿಳರ 'ವೇರ್ಕಡಲೈ', ತೆಲುಗರ 'ವೇರುಶನಗ' ಎರಡರಲ್ಲೂ ಬೇರಿದೆ. ದೂರದ ಮೆಕ್ಸಿಕೊದ ನಹುವಾತ್ಲ್ ಭಾಷೆಯವರು ಇದನ್ನು 'ನೆಲದ ಕೋಕೋ' ಎಂದೇ ಕರೆದರು. 1753ರಲ್ಲಿ ಲಿನೇಯಸ್ ಕೊಟ್ಟ 'ಅರಾಕಿಸ್ ಹೈಪೋಜಿಯ' ಎಂಬ ಶಾಸ್ತ್ರೀಯ ಹೆಸರಿನ ಎರಡನೆಯ ಪದಕ್ಕೂ ನೆಲದಡಿಯದು ಎಂದೇ ಅರ್ಥ.

ಇಷ್ಟೊಂದು ಭಾಷೆಗಳು ಒಂದೇ ಮಾತಾಡಲು ಕಾರಣ ಆ ಗಿಡದ ನಡೆ. ಹಳದಿ ಹೂವು ನೆಲದ ಮೇಲೆ ಅರಳುತ್ತದೆ. ಪರಾಗಸ್ಪರ್ಶವಾದ ಮೇಲೆ ಅದರ ಬುಡದಿಂದ ತೊಟ್ಟೊಂದು ಬೆಳೆದು ಕೆಳಕ್ಕೆ ಬಾಗಿ ಮಣ್ಣು ಹೊಗುತ್ತದೆ. ಕಾಯಿ ಕಟ್ಟುವುದು ಅಲ್ಲಿನ ಕತ್ತಲಲ್ಲಿ. ಈ ಹೆಸರುಗಳನ್ನು ಕಟ್ಟಿದವರು ಹೊಲದಲ್ಲಿ ಬಗ್ಗಿ ನೋಡಿದವರು.

ಮುಂದಿನ ಪರಿಷೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. 'ಪೀನಟ್' ಅವರಿಗೆ ಗೊತ್ತೇ ಇರುತ್ತದೆ. ಕಾಯಿ ಸುಲಿದು ಕೈಗಿಡುವಾಗ ಕಡಲೆಕಾಯಿ, ಶೇಂಗಾ, ನೆಲಗಡಲೆ ಎಂಬ ಮೂರು ಹೆಸರನ್ನೂ ಹೇಳಿಕೊಡಿ.